ಟವೆಲಿನೊಳಗಿನ ಏಳನೇ ಬೆರಳು

ಹಾವೇರಿಯ ಜಾನುವಾರು ಸಂತೆಯಲ್ಲಿ ಈಗ ಫೋನಿನ ಮೇಲೆ ಅಂಕಿ ಒತ್ತಿ ಎತ್ತಿನ ಬೆಲೆ ತೋರಿಸುವವರಿದ್ದಾರೆ, ಎಲ್ಲರೆದುರು ಕೂಗಿ ಹೇಳುವವರೂ ಇದ್ದಾರೆ. ನಾನು ಅಪ್ಪನ ಬೆನ್ನು ಹತ್ತಿ ಹೋದ ಆ ಗುರುವಾರ ಮಾತ್ರ ವ್ಯವಹಾರವೆಲ್ಲ ಟವೆಲಿನ ಕೆಳಗೇ ನಡೆಯಿತು. 2008ರ ಏಪ್ರಿಲ್ ತಿಂಗಳು, ನನಗಾಗ ಹತ್ತು ವರ್ಷ. ಅವ್ವ ಸೀಡ್ಸ್ ಹೊಲದ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅಪ್ಪ ನನ್ನನ್ನೂ ಎತ್ತಿನ ಜೊತೆ ಕರೆದುಕೊಂಡು ಬಂದಿದ್ದ. "ಹೆಣ್ಣ ಹುಡುಗೀನ ದನದ ಸಂತಿಗೆ ಯಾಕ ತಂದ್ಯೋ" ಎಂದು ಒಬ್ಬಿಬ್ಬರು ನಕ್ಕರು. ಬೋರ್‌ವೆಲ್ ಸಾಲಕ್ಕಾಗಿ ಜೋಡೆತ್ತು ಮಾರಲು ಬಂದವನಿಗೆ ನಗುವ ಮನಸ್ಸಿರಲಿಲ್ಲ.

ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹರವಿಕೊಂಡ. ಅಪ್ಪ ಅದರ ಕೆಳಗೆ ಕೈ ತೂರಿಸಿದ. ಲೆಕ್ಕ ಸುಲಭದ್ದು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದನ್ನೂ ಒಟ್ಟಿಗೆ ಹಿಡಿದರೆ ಐದು. ಆರಕ್ಕೆ ಐದನ್ನೂ ಹಿಡಿದು, ಬಿಟ್ಟು, ಮತ್ತೆ ಒಂದನ್ನು ಹಿಡಿಯಬೇಕು. ಊರಿಂದ ಊರಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಪ್ಪ ಕಲಿತದ್ದು ಇದು. ಬಾಯಲ್ಲಿ ಬರುವುದು ಸ್ಥಾನದ ಹೆಸರು ಮಾತ್ರ. "ಇದು ಹತ್ತ್ ಸಾವಿರದ್ದು", "ಇದು ಸಾವಿರದ್ದು". ಅಂಕಿ ಹೋಗುವುದು ಚರ್ಮದಿಂದ ಚರ್ಮಕ್ಕೆ. ಸುತ್ತ ನಿಂತ ಮತ್ತೊಬ್ಬ ಗಿರಾಕಿಗೆ, ಪಕ್ಕದ ದಲ್ಲಾಳಿಗೆ ಬೆಲೆ ತಿಳಿಯಬಾರದು ಎಂಬುದಕ್ಕೇ ಈ ಏರ್ಪಾಡು.

ಬಹಳ ಹೊತ್ತು ಕೈ ಆಡಿತು. ಕೊನೆಗೆ ನಾಲ್ಕು ಬೆರಳು, ಆಮೇಲೆ ಇಡೀ ಕೈ, ಆಮೇಲೆ ಇನ್ನೊಂದು ಹಿಡಿತ. ಅಪ್ಪ ತಲೆ ಅಲ್ಲಾಡಿಸಿದ. ಹಗ್ಗ ಗಿರಾಕಿಯ ಕೈಗೆ ಹೋಯಿತು. ನೋಟು ಎಣಿಸಿದಾಗ ನಲವತ್ತಾರು ಸಾವಿರ ಇತ್ತು.

"ಏಳಲ್ಲೇನು?" ಅಂದ ಅಪ್ಪ.

"ಆರಕ್ಕ ಹಿಡದೀನ್ರೀ ಯಜಮಾನ್ರ, ಏಳು ಎಲ್ಲಿಂದ ಬಂತು?"

"ಎರಡು ಬೆರಳ ಹಿಡದಿ ನೀ. ನನ್ನ ಕೈ ಹೇಳತೈತಿ."

"ನನ್ನ ಕೈನೂ ಹೇಳತೈತ್ರೀ."

ಜನ ಸೇರಿದರು. ಯಾರೂ ಏನನ್ನೂ ನೋಡಿರಲಿಲ್ಲ, ನೋಡಬಾರದು ಎಂದೇ ಟವೆಲ್ ಹಾಕಿದ್ದಲ್ಲವೇ. ಒಬ್ಬ ಹಿರಿಯರು ನಡುವೆ ಬಂದು, ಹಗ್ಗ ಕೊಟ್ಟಾಯ್ತು, ಇನ್ನು ದಲ್ಲಾಳಿ ಮಾತೇ ಸಂತಿ ಮಾತು ಎಂದು ತೀರ್ಮಾನ ಹೇಳಿದರು. ನಾವು ನಲವತ್ತಾರು ಸಾವಿರದೊಂದಿಗೆ ಬಸ್ ಹತ್ತಿದೆವು. ಮೋಟೆಬೆನ್ನೂರು ದಾಟುವವರೆಗೂ ಅಪ್ಪ ತನ್ನ ಬಲಗೈಯನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ನೋಡುತ್ತಲೇ ಇದ್ದ.

ಆ ಸಾವಿರ ರೂಪಾಯಿ ಇವತ್ತಿಗೂ ನಮ್ಮ ಮನೆಯ ಲೆಕ್ಕದಲ್ಲಿ ಬಾಕಿ ಇದೆ. ಆತ ಮೋಸ ಮಾಡಿದ ಎಂದು ಅಪ್ಪ, ನೀನೇ ಮರೆತಿರಬೇಕು ಎಂದು ಅವ್ವ. ಸಾಕ್ಷಿ ಮತ್ತು ನೆನಪಿನ ಬಗ್ಗೆ ಪಿಎಚ್‌ಡಿಗೆ ಕೂತ ಮೇಲೆ ನಾನು ಓದಿದ್ದರಲ್ಲಿ ಅರ್ಧದಷ್ಟು, ನಿಜ ಹೇಳಬೇಕೆಂದರೆ, ಆ ಟವೆಲಿನ ಕೆಳಗೆ ಏನಾಯಿತು ಎಂದು ಹುಡುಕುವುದಕ್ಕೇ ಓದಿದ್ದು.

ಮೊದಲು ಒಂದು ವಿಷಯ ಬೇರ್ಪಡಿಸಿಕೊಳ್ಳಬೇಕು. "ಕೈಗೆ ನೆನಪಿದೆ" ಎಂದು ನಾವು ಎರಡು ಬೇರೆ ಅರ್ಥದಲ್ಲಿ ಹೇಳುತ್ತೇವೆ. ರಾಣೆಬೆನ್ನೂರು ಸುತ್ತ ಹೈಬ್ರಿಡ್ ಬೀಜ ತೆಗೆಯುವ ಹೊಲಗಳಲ್ಲಿ ಅವ್ವ ವರ್ಷಗಟ್ಟಲೆ ಕ್ರಾಸಿಂಗ್ ಕೆಲಸ ಮಾಡಿದ್ದಾಳೆ. ಸಂಜೆ ಹತ್ತಿಯ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಬಿಡಿಸಿ ಅದರ ಗಂಡುಭಾಗ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ತಂದು ತಾಗಿಸಬೇಕು. ಉಗುರು ಒಂದು ಕೂದಲೆಳೆ ಹೆಚ್ಚು ಇಳಿದರೆ ಮೊಗ್ಗು ಉದುರುತ್ತದೆ. ಎಷ್ಟು ಒತ್ತಬೇಕು ಎಂದು ಅವ್ವನನ್ನು ಕೇಳಿದರೆ ಹೇಳಲು ಬರುವುದಿಲ್ಲ, ಮಾಡಿ ತೋರಿಸುತ್ತಾಳೆ. ಇದು ಅಭ್ಯಾಸದ ನೆನಪು. ಸೈಕಲ್ ತುಳಿಯುವುದು, ರೊಟ್ಟಿ ಬಡಿಯುವುದು ಇದೇ ಜಾತಿಗೆ ಸೇರಿದವು, ವರ್ಷಗಳವರೆಗೆ ಉಳಿಯುತ್ತವೆ.

ಟವೆಲಿನ ಕೆಳಗಿನದು ಬೇರೆ. ಅಲ್ಲಿ ಒಂದು ಹಿಡಿತ ಬಂದು ಹೋಗುತ್ತದೆ. ಅದು ಹೋದ ಮೇಲೂ, ಮುಂದಿನ ಹಿಡಿತ ಬಂದು ಲೆಕ್ಕ ಕೂಡುವವರೆಗೆ ಮೂರೋ ನಾಲ್ಕೋ ಸೆಕೆಂಡು ಅದನ್ನು ಎಲ್ಲೋ ಹಿಡಿದಿಟ್ಟುಕೊಳ್ಳಬೇಕು. ಕೆಲಸ ಮುಗಿದ ಕೂಡಲೇ ಅದು ಬೇಡ. ಮನೋವಿಜ್ಞಾನದವರು ಇದನ್ನು ವರ್ಕಿಂಗ್ ಮೆಮೊರಿ ಎನ್ನುತ್ತಾರೆ. 1974ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಇದರದೊಂದು ನಕ್ಷೆ ಕೊಟ್ಟರು. ಆ ನಕ್ಷೆಯಲ್ಲಿ ಮಾತನ್ನು ಮನಸ್ಸಿನಲ್ಲೇ ಮರುಮರು ಹೇಳಿಕೊಳ್ಳಲು ಒಂದು ಜಾಗವಿತ್ತು, ಕಂಡದ್ದನ್ನು ಚಿತ್ರವಾಗಿ ಹಿಡಿದಿಡಲು ಇನ್ನೊಂದು. ಮುಟ್ಟಿದ್ದಕ್ಕೆ ಪ್ರತ್ಯೇಕ ಕೋಣೆಯೇ ಇರಲಿಲ್ಲ. ಪುಸ್ತಕ ಓದುವವರು ಹಾಕಿದ ನಕ್ಷೆಯಲ್ಲಿ ಕಣ್ಣು, ಕಿವಿಗೆ ಮನೆ ಸಿಕ್ಕಿ ಕೈ ಹೊರಗುಳಿದಿತ್ತು ಎಂದು ನನಗೆ ಅನ್ನಿಸಿದ್ದುಂಟು. ಇದು ಸ್ವಲ್ಪ ಅನ್ಯಾಯದ ಮಾತು. ಅವರು ನಕ್ಷೆಯನ್ನು ಆಮೇಲೆ ತಿದ್ದುತ್ತಲೇ ಹೋದರು.

ನಮ್ಮ ದಲ್ಲಾಳಿಗಳಿಗೆ ಮಾತ್ರ ಈ ಕೋಣೆಗಳ ಸುದ್ದಿ ಯಾರೂ ಹೇಳದೆಯೂ ಗೊತ್ತಿತ್ತು. ಕೈ ಆಡುವಾಗ ಅವರ ಬಾಯಿ ಸುಮ್ಮನಿರುವುದಿಲ್ಲ. "ಮಳಿ ಹೆಂಗೈತ್ರೀ ನಿಮ್ಮ ಕಡೆ? ನಮ್ಮಲ್ಲಿ ಎಂಟ್ ದಿನದಾಗ ಮೂರ್ ಸಲ ಆತು. ಇಪ್ಪತ್ತನೇ ತಾರೀಖಿಗೆ ಜಾತ್ರಿ" ಎಂದು ಅಂಕಿಗಳನ್ನೇ ತುಂಬಿ ಮಾತಾಡುತ್ತಾರೆ. ಬೆರಳಿನ ಅಂಕಿಯನ್ನು ಮನಸ್ಸಿನಲ್ಲಿ "ಆರು, ಆರು" ಎಂದು ಹೇಳಿಕೊಳ್ಳಲು ಎದುರಿನವನಿಗೆ ಪುರಸೊತ್ತು ಸಿಗಬಾರದು. ಮಾತಿನ ಕೋಣೆಗೆ ಗದ್ದಲ ತುಂಬಿದ ಮೇಲೆ ಅಂಕಿ ಉಳಿಯಬೇಕಾದದ್ದು ಸ್ಪರ್ಶದಲ್ಲೇ.

ಹಾಗೆ ಉಳಿದದ್ದು ಎಲ್ಲಿ ಉಳಿಯುತ್ತದೆ? ಇದಕ್ಕೆ ಬಹಳ ತಾಳ್ಮೆಯಿಂದ ಉತ್ತರ ಹುಡುಕಿದವರು ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ರನುಲ್ಫೊ ರೋಮೊ ಮತ್ತು ಸಂಗಡಿಗರು. ಅವರು ಕೋತಿಗಳಿಗೆ ಒಂದು ಆಟ ಕಲಿಸಿದರು. ಅದುರುವ ಸಣ್ಣ ಕಡ್ಡಿಯೊಂದು ಕೋತಿಯ ಬೆರಳ ತುದಿಗೆ ಅರ್ಧ ಸೆಕೆಂಡು ತಾಗುತ್ತದೆ. ಆಮೇಲೆ ಮೂರು ಸೆಕೆಂಡು ಏನೂ ಇಲ್ಲ. ಮತ್ತೆ ಅದೇ ಬೆರಳಿಗೆ ಎರಡನೇ ಅದುರು. ಎರಡರಲ್ಲಿ ಯಾವುದು ವೇಗವಾಗಿ ಬಡಿಯಿತು ಎಂದು ಕೋತಿ ಇನ್ನೊಂದು ಕೈಯಿಂದ ಗುಂಡಿ ಒತ್ತಿ ಹೇಳಬೇಕು. ಸೆಕೆಂಡಿಗೆ 20 ಸಲವೋ 28 ಸಲವೋ, ಇಷ್ಟು ಸಣ್ಣ ಅಂತರ. ಉತ್ತರ ಹೇಳಬೇಕೆಂದರೆ ಆ ಮೂರು ಸೆಕೆಂಡಿನ ಖಾಲಿಯಲ್ಲಿ ಮೊದಲ ಅದುರನ್ನು ಹಿಡಿದಿಟ್ಟುಕೊಳ್ಳಲೇಬೇಕು. ಆ ಹೊತ್ತಿನಲ್ಲಿ ಮಿದುಳಿನ ಒಂದೊಂದೇ ಕೋಶ ಏನು ಮಾಡುತ್ತದೆ ಎಂದು ಸೂಜಿಯಂಥ ತಂತಿ ಇಳಿಸಿ ಅವರು ಕೇಳಿಸಿಕೊಂಡರು. ಈ ಕೆಲಸವನ್ನು ಓದುವಾಗಲೆಲ್ಲ ಒಂದು ಕೈ ಕಟ್ಟಿಸಿಕೊಂಡು ಕೂತ ಆ ಕೋತಿ ನನ್ನ ಕಣ್ಣಮುಂದೆ ಬರುತ್ತದೆ. ಅದರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಅದು ಬೇರೆಯೇ ಪ್ರಬಂಧದ ವಿಷಯ. ಆದರೂ ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಚರ್ಮದಿಂದ ಸುದ್ದಿ ಮೊದಲು ತಲುಪುವ ಮಿದುಳಿನ ಸ್ಪರ್ಶದ ಪಟ್ಟಿಯಲ್ಲಿ, ಕಡ್ಡಿ ತಾಗಿರುವಷ್ಟು ಹೊತ್ತು ಕೋಶಗಳು ಅದುರಿಗೆ ತಕ್ಕಂತೆ ಮಿಡಿದವು. ಕಡ್ಡಿ ತೆಗೆದ ಕೂಡಲೇ ಅವುಗಳ ಸುದ್ದಿ ಮುಗಿಯಿತು. ಅದರ ಪಕ್ಕದ ಎರಡನೇ ಪಟ್ಟಿಯಲ್ಲಿ ಇನ್ನೊಂದಿಷ್ಟು ಹೊತ್ತು, ಸೆಕೆಂಡಿನ ಒಂದು ಪಾಲಿನಷ್ಟು, ಗುಂಗು ಉಳಿಯಿತು. ಮೂರು ಸೆಕೆಂಡಿನ ಖಾಲಿಯಲ್ಲಿ ಅದನ್ನು ಎತ್ತಿ ಹಿಡಿದದ್ದು ಹಣೆಯ ಹಿಂಬದಿಯ ಭಾಗ. 1999ರಲ್ಲಿ ಅವರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇದನ್ನೇ. ಅಲ್ಲಿಯ ಕೆಲವು ಕೋಶಗಳು ಅದುರು ಹೆಚ್ಚಿದಷ್ಟೂ ಹೆಚ್ಚು ಮಿಡಿಯುತ್ತವೆ, ಕೆಲವು ಅದುರು ಹೆಚ್ಚಿದಷ್ಟೂ ಕಡಿಮೆ. ಅದೂ ಒಂದೇ ಕೋಶ ಮೂರು ಸೆಕೆಂಡೂ ಹೊತ್ತು ನಿಲ್ಲಬೇಕೆಂದಿಲ್ಲ. ಕೆಲವು ಮೊದಲಿಗೆ ಹೊತ್ತು ಇಳಿಸುತ್ತವೆ, ಕೆಲವು ಕೊನೆಗೆ ಬಂದು ಹೆಗಲು ಕೊಡುತ್ತವೆ, ಕೆಲವು ಮಾತ್ರ ಪೂರ್ತಿ ನಿಲ್ಲುತ್ತವೆ. ಬ್ಯಾಡಗಿ ಯಾರ್ಡಿನಲ್ಲಿ ಹಮಾಲರು ಲಾರಿಗೆ ಚೀಲ ದಾಟಿಸುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಈ ಚಿತ್ರಕ್ಕೆ ತಕರಾರುಗಳೂ ಇವೆ. ಮೊದಲ ಪಟ್ಟಿಯ ಕೋಶಗಳೂ ನೆನಪು ಹೊರುತ್ತವೆ ಎಂದು 1996ರಲ್ಲೇ ಝೌ ಮತ್ತು ಫಸ್ಟರ್ ತೋರಿಸಿದ್ದರು. ಅವರ ಕೋತಿಗಳು ಅದುರನ್ನಲ್ಲ, ಕೈಯಿಂದ ತಡವಿದ ವಸ್ತುಗಳನ್ನು ನೆನಪಿಡಬೇಕಿತ್ತು. 2002ರಲ್ಲಿ ಹ್ಯಾರಿಸ್ ಮತ್ತು ಸಂಗಡಿಗರು ಮನುಷ್ಯರ ಮೇಲೆಯೇ ಪರೀಕ್ಷೆ ಮಾಡಿದರು. ಒಂದೂವರೆ ಸೆಕೆಂಡಿನ ಬಿಡುವಿನಲ್ಲಿ ತಲೆಯ ಹೊರಗಿನಿಂದ ಕಾಂತದ ಮಿಡಿತ ಕೊಟ್ಟು ಆ ಮೊದಲ ಪಟ್ಟಿಯನ್ನು ಕ್ಷಣಕಾಲ ಕೆಡಿಸಿದರು. ಬಿಡುವಿನ ಮೊದಲರ್ಧದಲ್ಲಿ ಕೆಡಿಸಿದರೆ ಉತ್ತರ ತಪ್ಪುತ್ತಿತ್ತು; ತಡವಾಗಿ ಕೆಡಿಸಿದರೆ ಅಷ್ಟು ತಪ್ಪುತ್ತಿರಲಿಲ್ಲ. ಮುಟ್ಟಿದ್ದು ಸ್ವಲ್ಪ ಹೊತ್ತು ಮುಟ್ಟಿದ ಮನೆಯಲ್ಲೇ ಕೂತು ಆಮೇಲೆ ಮುಂದಕ್ಕೆ ಹೋಗುತ್ತದೆ ಎಂದಾಯಿತು.

ಅಂದರೆ ಅಪ್ಪ "ನನ್ನ ಕೈ ಹೇಳತೈತಿ" ಎಂದಾಗ ಕೈ ಏನನ್ನೂ ಹೇಳುತ್ತಿರಲಿಲ್ಲ. ಆ ಹೊತ್ತಿಗೆ ಕೈ ಖಾಲಿಯಾಗಿತ್ತು. ನೋಟು ಎಣಿಸಿ ಮುಗಿಯುವಷ್ಟರಲ್ಲಿ ಆ ಹಿಡಿತ ಎಷ್ಟೋ ಹೆಗಲು ದಾಟಿ, ಲೆಕ್ಕವಾಗಿ, ಮಾತಾಗಿ, ಕೊನೆಗೆ ಸಿಟ್ಟಾಗಿತ್ತು. ದಾರಿಯಲ್ಲಿ ಏನಾದರೂ ಬೆರೆಯಿತೇ?

ಬೆರೆಯುತ್ತದೆ ಎಂಬುದು ಬಹಳ ಹಳೆಯ ಸಂಗತಿ. ಅಮೆರಿಕದ ಹಾಲಿಂಗ್‌ವರ್ತ್ 1910ರಲ್ಲೇ ಇದಕ್ಕೊಂದು ಹೆಸರಿಟ್ಟಿದ್ದ. ನೆನಪಿನಲ್ಲಿ ಹಿಡಿದ ಅಳತೆ, ಅದಕ್ಕೆ ಮುಂಚೆ ಕಂಡ ಅಳತೆಗಳ ಸರಾಸರಿಯ ಕಡೆಗೆ ವಾಲುತ್ತದೆ. ದೊಡ್ಡದು ಸ್ವಲ್ಪ ಸಣ್ಣದಾಗುತ್ತದೆ, ಸಣ್ಣದು ಸ್ವಲ್ಪ ದೊಡ್ಡದಾಗುತ್ತದೆ. 2018ರಲ್ಲಿ ಅಥೆನಾ ಅಕ್ರಮಿ ಮತ್ತು ಸಂಗಡಿಗರು ಇಲಿಗಳಲ್ಲಿ (ಅವರದ್ದು ಸ್ಪರ್ಶವಲ್ಲ, ಶಬ್ದದ ಪರೀಕ್ಷೆ) ಹಿಂದಿನ ಸುತ್ತುಗಳ ಈ ಎಳೆತವನ್ನು ಹೊತ್ತ ಮಿದುಳಿನ ಭಾಗವೊಂದನ್ನು ಗುರುತಿಸಿದರು. ಅದನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸಿದರೆ ಇಲಿಯ ಲೆಕ್ಕ ಕೆಡಬೇಕಿತ್ತಲ್ಲವೇ? ಸುಧಾರಿಸಿತು. ಗತಕಾಲವನ್ನು ಕಿತ್ತು ಹಾಕಿದರೆ ವರ್ತಮಾನ ನೆಟ್ಟಗಾಗುತ್ತದೆ!

ಟವೆಲಿನೊಳಗಿದ್ದ ಎರಡು ಕೈಗಳ ಹಿಂದೆ ಎರಡು ಬೇರೆ ಬೆಳಗುಗಳಿದ್ದವು. ಅಪ್ಪ ಐವತ್ತೈದರಿಂದ ಇಳಿಯುತ್ತ ಬಂದಿದ್ದ. ಅವನ ಕೈಯಲ್ಲಿ ದೊಡ್ಡ ಅಂಕಿಗಳ ಗುಂಗಿತ್ತು. ದಲ್ಲಾಳಿ ಬೆಳಗಿನಿಂದ ಇಂಥ ಹತ್ತಾರು ಕೈ ಹಿಡಿದಿದ್ದ, ಅವುಗಳಲ್ಲಿ ಮುದಿ ಎತ್ತು, ಗೊಡ್ಡು ಆಕಳ ಬೆಲೆಗಳೂ ಇದ್ದವು. ಇಷ್ಟಕ್ಕೂ ಅವನು ಒಂದೇ ಬೆರಳು ಹಿಡಿಯಹೋಗಿ ಪಕ್ಕದ್ದೂ ತಾಗಿರಬಹುದು. ಅದು ಅವನಿಗೆ ಗೊತ್ತಾಗದೆ ಇರಲೂಬಹುದು. 2003ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಶೆರ್ಗಿಲ್ ಮತ್ತು ಸಂಗಡಿಗರು ಇಬ್ಬರನ್ನು ಎದುರುಬದುರು ಕೂರಿಸಿದರು. ಒಬ್ಬರ ಬೆರಳನ್ನು ಒಬ್ಬರು ಸರದಿಯಂತೆ ಒತ್ತಬೇಕು, ಎದುರಿನವರು ಎಷ್ಟು ಒತ್ತಿದರೋ ಅಷ್ಟೇ. ಹೆಚ್ಚು ಬೇಡ, ಕಡಿಮೆ ಬೇಡ. ಇಬ್ಬರೂ ಪ್ರಾಮಾಣಿಕವಾಗಿ ಅಷ್ಟೇ ಒತ್ತಿದೆ ಎಂದರು. ಒತ್ತಡ ಮಾತ್ರ ಸರದಿಗೊಮ್ಮೆ ಏರುತ್ತಲೇ ಹೋಯಿತು. ತಾನೇ ಒತ್ತಿದ್ದು ತನಗೆ ಕಡಿಮೆಯಾಗಿ ತಿಳಿಯುತ್ತದೆ. ಒತ್ತಿಸಿಕೊಂಡವನಿಗೆ ಪೂರ್ತಿ ತಿಳಿಯುತ್ತದೆ.

ಇಷ್ಟನ್ನೂ ಕಳೆದ ವರ್ಷ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವನು ಮೋಸ ಮಾಡಿರಲಿಕ್ಕಿಲ್ಲ, ಇಬ್ಬರದೂ ಪ್ರಾಮಾಣಿಕ ನೆನಪೇ ಇರಬಹುದು ಎಂದೆ. ಹದಿನೇಳು ವರ್ಷದ ಭಾರ ಇಳಿಸುತ್ತಿದ್ದೇನೆ ಎಂಬ ಹುಮ್ಮಸ್ಸು ನನಗೆ. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿ ಕೇಳಿದ.

"ಮೋಸ ಅಲ್ಲ ಅಂದ್ರ ರೊಕ್ಕ ಯಾರ ಕಡೆ ಇರಬೇಕಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ಇಬ್ಬರ ನೆನಪೂ ಸಮ ಅಂತಾದರೆ ಐನೂರು ಅವನದು, ಐನೂರು ನಮ್ಮದು. ಹಾಗೆ ಆಗಲಿಲ್ಲವಲ್ಲ. ತಪ್ಪು ಯಾವ ಕೈಯಲ್ಲಾದರೂ ಆಗಬಹುದು ಎಂಬುದು ಮಿದುಳಿನ ವಿಚಾರ. ತಪ್ಪಾದಾಗ ಯಾರ ಕೈಯನ್ನು ನಂಬಬೇಕು ಎಂದು ತೀರ್ಮಾನಿಸಿದ್ದು ಸಂತೆ. ಆ ಎರಡನೆಯದನ್ನು ನಾನು ಮೊದಲನೆಯದರ ಹೆಸರಿನಲ್ಲಿ ಮಾಫಿ ಮಾಡಹೊರಟಿದ್ದೆ. ನರವಿಜ್ಞಾನ ಓದುವ ನನ್ನಂಥವರಲ್ಲಿ ಈ ಚಟ ಹೆಚ್ಚು. ತಪ್ಪಿಗೆ ಒಂದು ಯಂತ್ರ ಸಿಕ್ಕ ಕೂಡಲೇ ತಪ್ಪಿತಸ್ಥನನ್ನು ಬಿಟ್ಟುಬಿಡುತ್ತೇವೆ.

ನ್ಯಾಯದರ್ಶನದವರು ಇಲ್ಲಿ ನಮಗಿಂತ ನಿಷ್ಠುರರು. ಅವರ ಪ್ರಕಾರ ನೆನಪು ಪ್ರಮಾಣವಲ್ಲ. ಅದು ಹೊಸದೇನನ್ನೂ ತಿಳಿಸುವುದಿಲ್ಲ. ಹಿಂದಿನ ಅನುಭವ ಸರಿಯಿದ್ದರೆ ಮಾತ್ರ ಅದೂ ಸರಿ. ಆದರೆ ಅದೇ ನ್ಯಾಯಸೂತ್ರದ ಮೂರನೇ ಅಧ್ಯಾಯ ತೆರೆಯುವುದು ನೆನಪಿಲ್ಲದೆ ನಿಲ್ಲದ ಒಂದು ವಾದದಿಂದ. ಕಣ್ಣಿನಿಂದ ಕಂಡದ್ದನ್ನೇ ಕೈಯಿಂದ ಮುಟ್ಟಿ "ನಾನು ಕಂಡದ್ದು ಇದೇ" ಎನ್ನುತ್ತೇವೆ. ಕಣ್ಣಿಗೆ ಮುಟ್ಟಲು ಬರುವುದಿಲ್ಲ, ಕೈಗೆ ಕಾಣಲು ಬರುವುದಿಲ್ಲ. ಹಾಗಾದರೆ ಎರಡನ್ನೂ ಕೂಡಿಸಿ ನೋಡಿದವರು ಯಾರು? ಇಂದ್ರಿಯಗಳಿಂದ ಬೇರೆಯಾದ ಆತ್ಮ ಎಂಬುದು ಅವರ ಉತ್ತರ. ರೋಮೊನ ಕೋತಿಯಲ್ಲಿ ಮೊದಲ ಅದುರನ್ನು ಎರಡನೆಯದರ ಜೊತೆ ಕೂಡಿಸಿ ನೋಡಿದ್ದು ಮಿದುಳಿನ ಮುಂಭಾಗದ ಕೆಲವು ಜಾಗಗಳು. ಉತ್ತರ ಬದಲಾಗಿದೆ, ಪ್ರಶ್ನೆ ಅದೇ. ನನಗೆ ಈ ವಾದದಲ್ಲಿ ಹಿಡಿಸುವುದು ಆತ್ಮದ ಭಾಗವಲ್ಲ, "ಇದೇ" ಎಂದು ಹೇಳುವವರು ಅದಕ್ಕೆ ಹೊಣೆಯಾಗಬೇಕು ಎಂಬ ಸುಳಿವು. ಕೈಯ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಬೆರಳಿನ ಲೆಕ್ಕವಾದರೂ ಕೊನೆಗೆ ಅಂಕಿಯಾಗುತ್ತದೆ. ಅಂಕಿಯೇ ಆಗದ ಸ್ಪರ್ಶ ನೋಡಬೇಕೆಂದರೆ ಬ್ಯಾಡಗಿಗೆ ಹೋಗಬೇಕು. ಹಂಗಾಮಿನಲ್ಲಿ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಚೀಲ ಮೆಣಸಿನಕಾಯಿ ಬರುವ ಮಾರುಕಟ್ಟೆ ಅದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ಗಾಢ, ಖಾರ ಕಡಿಮೆ, ಸಿಪ್ಪೆ ಸುಕ್ಕುಸುಕ್ಕು. ಡಬ್ಬಿ ಗಿಡ್ಡ, ಕಡ್ಡಿ ಉದ್ದ. ಖರೀದಿದಾರರು ರಾಶಿಯಿಂದ ರಾಶಿಗೆ ನಡೆಯುತ್ತ ಹೋಗುತ್ತಾರೆ. ಒಂದು ಹಿಡಿ ಎತ್ತಿ, ಮುಷ್ಟಿ ಬಿಗಿದು, ಬಿಟ್ಟು, ಚೀಟಿಯಲ್ಲಿ ದರ ಗೀಚಿ ಮುಂದಿನದಕ್ಕೆ. ಒಣಗಿದ್ದು ಮುರಿಯುತ್ತದೆ, ತೇವ ಇದ್ದದ್ದು ಬಾಗುತ್ತದೆ. ಒಂದು ರಾಶಿಯ ಮುಂದೆ ಅವರು ನಿಲ್ಲುವುದು ಹೆಚ್ಚೆಂದರೆ ಕೆಲವು ಸೆಕೆಂಡು. ದರ ಆಮೇಲೆ ಕಂಪ್ಯೂಟರಿಗೆ ಹೋಗುತ್ತದೆ. ಇ-ಟೆಂಡರಿನಲ್ಲಿ ಯಾರು ಎಷ್ಟು ಬರೆದರು, ಯಾರದು ಹೆಚ್ಚು ಎಂಬುದು ಬಯಲಾಗುತ್ತದೆ. ಇದು ದೊಡ್ಡ ಸುಧಾರಣೆಯೇ. ಟವೆಲ್ ಹೋಯಿತು. ಆದರೆ ಮುಷ್ಟಿಯೊಳಗೆ ನಡೆದದ್ದು ಬಯಲಾಗಿಲ್ಲ. ಬಹಳ ಚೆನ್ನಾಗಿ ಒಣಗಿದ ಹತ್ತು ರಾಶಿ ಹಿಡಿದು ಬಂದ ಕೈಗೆ ನನ್ನ ಮಾವನ ರಾಶಿ ಹೇಗೆ ತಿಳಿಯಿತು, ಹಸಿಹಸಿ ರಾಶಿಗಳ ನಂತರ ಹಿಡಿದಿದ್ದರೆ ಹೇಗೆ ತಿಳಿಯುತ್ತಿತ್ತು? ಲಾಟಿನ ನಂಬರ್ ಎಲ್ಲಿ ಬಿತ್ತು ಎಂಬುದು ಅದೃಷ್ಟವೇ? ಇದನ್ನು ಮಾವನ ಮುಂದೆ ಹೇಳಿದ್ದಕ್ಕೆ, "ಅದಕ್ಕ ಎಲ್ಲಾರೂ ಪಕ್ಕದ ರಾಶಿ ನೋಡಿ ಸುರೀತಾರವಾ" ಅಂದ ಅವನು, ಏನೋ ಎಲ್ಲರಿಗೂ ಗೊತ್ತಿರುವ ವಿಷಯ ಎಂಬಂತೆ.

ಹಿಂದಿನದನ್ನು ಕಿತ್ತರೆ ಇಲಿಯ ಲೆಕ್ಕ ಸುಧಾರಿಸಿತು, ನಿಜ. ಹಿಂದಿನದೆಲ್ಲ ಕಿತ್ತ ಖರೀದಿದಾರನಿಗೆ ಮಾತ್ರ ಮೆಣಸಿನಕಾಯಿಯೇ ತಿಳಿಯುವುದಿಲ್ಲ. ಸಾವಿರಾರು ರಾಶಿ ಹಿಡಿದದ್ದಕ್ಕೇ ಅದು ಬಲ್ಲ ಕೈ. ಅದನ್ನು ಬಲ್ಲ ಕೈ ಮಾಡಿದ್ದೂ ಅದೇ, ವಾಲುವಂತೆ ಮಾಡಿದ್ದೂ ಅದೇ. ಇದಕ್ಕೆ ಔಷಧ ನನಗೆ ಕಾಣುವುದಿಲ್ಲ. ಎರಡನೇ ಕೈಯ ಅಭಿಪ್ರಾಯ ಕೇಳುವುದು, ಮತ್ತೊಮ್ಮೆ ಹಿಡಿದು ನೋಡುವ ಹಕ್ಕು ರೈತನಿಗೂ ಇರುವುದು, ಇಷ್ಟನ್ನು ಹೇಳಬಹುದೇನೋ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದು, ರೈತರು ಮಾರುಕಟ್ಟೆ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಬಿದ್ದಾಗ ಟಿವಿಯವರು ಹೊಗೆಯನ್ನೇ ತೋರಿಸುತ್ತಿದ್ದರು. ದರ ಬೀಳಲು ಮುಷ್ಟಿಯೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ, ಅಷ್ಟು ದಡ್ಡಿಯಲ್ಲ. ಆದರೆ ಇಡೀ ವರ್ಷದ ಬೆಳೆಗೆ ಯಾರೋ ಕೆಲವು ಸೆಕೆಂಡಿನಲ್ಲಿ ಒಂದು ಅಂಕಿ ಬರೆದು, ಯಾಕೆ ಎಂದು ಕೇಳುವ ಜಾಗವೇ ಇಲ್ಲದಿದ್ದರೆ ಮನುಷ್ಯನಿಗೆ ಹೇಗಾಗುತ್ತದೆ ಎಂಬುದನ್ನು ನಾನು ಮೋಟೆಬೆನ್ನೂರು ದಾಟುವವರೆಗೆ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಅದೇ ಯಾರ್ಡಿನ ಸುತ್ತ ಹೆಂಗಸರು ಸಾಲಾಗಿ ಕೂತು ಕಾಯಿ ಆರಿಸುತ್ತಾರೆ, ತೊಟ್ಟು ಬಿಡಿಸುತ್ತಾರೆ. ಅವರ ಕೈಗಳ ಉರಿ ಸಂಜೆಗೂ ಇಳಿಯುವುದಿಲ್ಲ. 2021ರ ವೈದ್ಯಕೀಯ ನೊಬೆಲ್ ಈ ಉರಿಗೂ ಸ್ಪರ್ಶಕ್ಕೂ ಒಟ್ಟಿಗೇ ಬಂದದ್ದು ನನಗೆ ಬ್ಯಾಡಗಿಗೇ ಬಂದಂತೆ ಕಂಡಿತ್ತು. ಡೇವಿಡ್ ಜೂಲಿಯಸ್ ಮೆಣಸಿನಕಾಯಿಯ ಖಾರದ ಅಂಶವನ್ನೇ ಬಳಸಿ, ಬಿಸಿಯನ್ನು ಗುರುತಿಸುವ ಗ್ರಾಹಕವನ್ನು 1997ರಲ್ಲಿ ಕಂಡುಹಿಡಿದಿದ್ದ. ಒತ್ತಿದರೆ ತೆರೆದುಕೊಳ್ಳುವ ಗ್ರಾಹಕಗಳನ್ನು ಗುರುತಿಸಿದವನು ಆರ್ಡೆಮ್ ಪಟಪೂಟಿಯನ್. ನಮ್ಮ ಹೆಂಗಸರಲ್ಲಿ ಈ ಎರಡು ಬಾಗಿಲೂ ದಿನವಿಡೀ ತೆರೆದೇ ಇರುತ್ತವೆ. ಅಂಥವರೊಬ್ಬರ ಪಕ್ಕ ಕೂತು ನಾನು ಎರಡು ರಾಶಿಯ ಕಾಯಿ ಹಿಡಿದು ನೋಡಿದೆ. ನನಗೆ ಎರಡೂ ಒಂದೇ. ಅವರು ನನ್ನ ಮುಷ್ಟಿಯೊಳಗಿನದನ್ನು ಮೇಲಿಂದಲೇ ಒತ್ತಿ, "ಇದು ನಿನ್ನೀದು, ಇದು ಮೊನ್ನೀದು ಒಣಗಿಸಿದ್ದು" ಅಂದರು. ಸರಿಯಿತ್ತು. ದರ ಬರೆಯುವಾಗ ಅವರನ್ನು ಕೇಳುತ್ತಾರೇನು ಎಂದೆ. ಅವರು ನಕ್ಕರು.

ಊರಿನಲ್ಲಿ ಆ ರಾತ್ರಿ ಊಟವಾದ ಮೇಲೆ ನಾನೇ ಅಪ್ಪನ ಟವೆಲ್ ತೆಗೆದು ಕೈ ಮೇಲೆ ಹಾಕಿಕೊಂಡೆ. "ಬಾ, ಹಿಡಿತೀನಿ, ಹೇಳು." ನಾಲ್ಕು ಹಿಡಿದೆ, ಐದು ಹಿಡಿದೆ, ಬಿಟ್ಟೆ, ಎರಡು ಹಿಡಿದೆ. ಮಧ್ಯೆ ಬಸ್ಸಿನ ಸುದ್ದಿ, ಸ್ಕಾಲರ್‌ಶಿಪ್ ತಡವಾದ ಸುದ್ದಿ, ಬೇಕಂತಲೇ ಅಂಕಿ ತುಂಬಿ ಮಾತಾಡಿದೆ. ಅಪ್ಪ ಪ್ರತಿ ಸಲವೂ ಸರಿಯಾಗಿ ಹೇಳಿದ. ಹೇಳಿ ನನ್ನ ಮುಖ ನೋಡಿದ, ನೋಡಿದೆಯಾ ಎಂಬಂತೆ.

ಅವ್ವ ಗೋಡೆಗೆ ಒರಗಿ ಕೂತಿದ್ದಳು. "ಮಗಳ ಕೈ ನಿನಗ ಗೊತ್ತೈತಿ, ಅದಕ್ಕ ಹೇಳ್ತಿ. ಅವನ ಕೈ ಹೆಂಗಿತ್ತು, ಹೇಳು ನೋಡೂಣು?"

ಅಪ್ಪ ಟವೆಲಿನಿಂದ ಕೈ ಹೊರಗೆ ತೆಗೆದ. ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ.

"ಬೆವತಿತ್ತು," ಅಂದ.

ಏಪ್ರಿಲ್ ತಿಂಗಳು, ಮಟಮಟ ಮಧ್ಯಾಹ್ನ, ಮೇಲೆ ದಪ್ಪನೆ ಟವೆಲ್ ಬೇರೆ. ಯಾರ ಕೈ ಬೆವರುವುದಿಲ್ಲ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಅವ್ವ ಎದ್ದು ಟವೆಲ್ ಮಡಿಸಿ ಗೂಟಕ್ಕೆ ಹಾಕಿದಳು.